ನಮ್ಮ ಅನ್ವೇಷಣೆ ನಿಜವಾಗಿಯೂ ಕಡಿಮೆಯಾಗಿದೆಯೇ? ಎಲೀಟ್ ಡೇಂಜರಸ್ ಆಟದ ಏಳು ಜನರ ಜರ್ನಲ್ ಕಡತಗಳ ಬಗ್ಗೆ ಒಂದು ಪ್ರಶ್ನೆ

ಚಂದ್ರದ್ರೋಣ (ಚಿಕ್ಕಮಗಳೂರು)

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ನಾವು ಏಳು ಮಂದಿ ಎಲೀಟ್ ಡೇಂಜರಸ್ ಆಟವನ್ನು ಹಲವು ವರ್ಷಗಳಿಂದ ಆಡುತ್ತಾ ಬಂದಿದ್ದೇವೆ. ಕಳೆದ ಮಳೆಗಾಲದಲ್ಲಿ ಮನೆಯಿಂದ ಹೊರಬೀಳಲಾಗದೆ ಕುಳಿತಿದ್ದಾಗ, ಆಟ ತಾನಾಗಿಯೇ ದಿನಚರಿಯಂತೆ ಬರೆದಿಟ್ಟು ಎಲ್ಲರ ಕಂಪ್ಯೂಟರಿನಲ್ಲಿ ಉಳಿದಿದ್ದ ಜರ್ನಲ್ ಕಡತಗಳನ್ನು ಒಂದೆಡೆ ಸೇರಿಸಿ, ನಮ್ಮ ಅನ್ವೇಷಣೆಯ ಒಲವು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗಿದೆ ಎಂದು ನೋಡುವ ಕೆಲಸಕ್ಕೆ ಕೈಹಾಕಿದೆವು.

ಹೊಸಬರಿಗಾಗಿ ಎರಡು ಮಾತು ಹೇಳುತ್ತೇನೆ. ಫ್ರಾಂಟಿಯರ್ ಡೆವಲಪ್‌ಮೆಂಟ್ಸ್ ಸಂಸ್ಥೆಯ ಈ ಆಟ 2014ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಯಿತು. ನಮ್ಮ ಕ್ಷೀರಪಥವನ್ನೇ ನಿಜವಾದ ಅಳತೆಯಲ್ಲಿ ಕಟ್ಟಿಕೊಟ್ಟು, ಅದರಲ್ಲಿ ಬಾಹ್ಯಾಕಾಶ ಹಡಗು ನಡೆಸುತ್ತಾ ಸುತ್ತಾಡಲು ಬಿಡುವ ಆಟವಿದು. ಇದರಲ್ಲಿ ಸುಮಾರು 40 ಸಾವಿರ ಕೋಟಿ ನಕ್ಷತ್ರ ವ್ಯವಸ್ಥೆಗಳಿವೆ. ಅವುಗಳಲ್ಲಿ ಒಂದೂವರೆ ಲಕ್ಷದಷ್ಟನ್ನು ಖಗೋಳಶಾಸ್ತ್ರದ ನಿಜವಾದ ಪಟ್ಟಿಗಳಿಂದ ತೆಗೆದುಕೊಂಡಿದ್ದಾರೆ, ಉಳಿದವನ್ನು ಸ್ಟೆಲ್ಲರ್ ಫೋರ್ಜ್ ಎಂಬ ಗಣಿತದ ವ್ಯವಸ್ಥೆ ಹುಟ್ಟಿಸುತ್ತದೆ. 2020ರ ಆರಂಭದಲ್ಲಿ ಸಂಸ್ಥೆಯೇ ಹೇಳಿದಂತೆ, ಐದು ವರ್ಷಗಳಲ್ಲಿ ಆಟಗಾರರೆಲ್ಲರೂ ಸೇರಿ ನೋಡಿದ್ದು ಶೇ. 0.042ರಷ್ಟು ಮಾತ್ರ. ಲೆಕ್ಕ ಹಾಕಿದರೆ ಅದು ಸುಮಾರು 16.8 ಕೋಟಿ ವ್ಯವಸ್ಥೆಗಳಾಗುತ್ತದೆ. ಅದೇ ವೇಗದಲ್ಲಿ ಪೂರ್ತಿ ನೋಡಿ ಮುಗಿಸಲು ಹನ್ನೆರಡು ಸಾವಿರ ವರ್ಷಗಳ ಹತ್ತಿರ ಹತ್ತಿರ ಬೇಕು. ಅಂದರೆ ಹೊಸ ಜಾಗಕ್ಕೆ ಬರವಿಲ್ಲ.

ಹಾಗಿದ್ದರೂ ನಮ್ಮ ಕಡತಗಳು ಬೇರೆಯೇ ಕಥೆ ಹೇಳುತ್ತಿವೆ. ನೂರು ಜಂಪ್‌ಗಳಿಗೆ (ಹಡಗು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಜಿಗಿಯುವುದೇ ಜಂಪ್) ಎಷ್ಟು ವ್ಯವಸ್ಥೆಗಳನ್ನು ನಾವೇ ಮೊದಲು ಕಂಡೆವು ಎಂಬ ಪ್ರಮಾಣವನ್ನು ವರ್ಷವಾರು ತೆಗೆದಾಗ, 2017ರಿಂದ ಇಂದಿನವರೆಗೆ ಗೆರೆ ಇಳಿಯುತ್ತಲೇ ಬಂದಿದೆ, ಕಳೆದ ವರ್ಷವಂತೂ ಮೊದಲಿನ ಅರ್ಧಕ್ಕಿಂತ ಕೆಳಗಿದೆ. ಆಕಾಶ ಖಾಲಿಯೇ ಇರುವಾಗ ನಾವು ಯಾಕೆ ಹೊಸದನ್ನು ನೋಡುತ್ತಿಲ್ಲ? ಕುತೂಹಲವೇ ಬತ್ತಿತೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಹೇಮಾವತಿ_ಪೈಲಟ್ (ಹಾಸನ)

‘ಮೊದಲು ಕಂಡೆವು’ ಎಂಬುದನ್ನು ಕಡತದ ಯಾವ ಸಾಲಿನಿಂದ ತೆಗೆದಿರಿ ಎಂದು ಮೊದಲು ಹೇಳಿ. ಅದನ್ನು ತಿಳಿಯದೆ ಯಾರೂ ಉತ್ತರ ಕೊಡಲಾಗದು.

ಚಂದ್ರದ್ರೋಣ (ಚಿಕ್ಕಮಗಳೂರು)

ಪ್ರತಿ ಜಂಪ್‌ಗೂ ‘ಎಫ್‌ಎಸ್‌ಡಿ ಜಂಪ್’ ಎಂಬ ದಾಖಲೆ ಬರುತ್ತದೆಯಲ್ಲವೇ, ಅದು ಛೇದ. ವ್ಯವಸ್ಥೆಯ ಮುಖ್ಯ ನಕ್ಷತ್ರದ ‘ಸ್ಕ್ಯಾನ್’ ದಾಖಲೆಯಲ್ಲಿ ‘ವಾಸ್ ಡಿಸ್ಕವರ್ಡ್’ (ಯಾರಾದರೂ ಮೊದಲೇ ಕಂಡಿದ್ದಾರೆಯೇ) ಎಂಬ ಕ್ಷೇತ್ರ ನಿಜ ಎಂದಿಲ್ಲದಿದ್ದರೆ ಅದನ್ನು ನಮ್ಮ ಮೊದಲ ಶೋಧ ಎಂದು ಎಣಿಸಿದ್ದೇನೆ, ಅದು ಅಂಶ. ಪೈಥಾನ್‌ನಲ್ಲಿ ನಲವತ್ತು ಸಾಲಿನ ಚಿಕ್ಕ ಪ್ರೋಗ್ರಾಂ ಅಷ್ಟೇ.

ಸಾಲಗಾಮೆ_ರಸ್ತೆ (ಹಾಸನ)

ಚಂದ್ರದ್ರೋಣ ಅವರೇ, ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು, ಈ ಆಟವನ್ನೂ ಆರಂಭದಿಂದ ಆಡುತ್ತಿರುವವನು. ನಿಮ್ಮ ಲೆಕ್ಕದಲ್ಲಿ ಎರಡು ದೊಡ್ಡ ತಪ್ಪುಗಳು ನೋಡಿದೊಡನೆ ಕಾಣುತ್ತವೆ, ಬೇಸರಿಸಿಕೊಳ್ಳಬೇಡಿ.

ಮೊದಲನೆಯದು, ನೀವು ನಂಬಿರುವ ಆ ಕ್ಷೇತ್ರ 2016ರಲ್ಲಿ ಜರ್ನಲ್ ವ್ಯವಸ್ಥೆ ಬಂದಾಗ ಇರಲೇ ಇಲ್ಲ; ಅದನ್ನು ಮುಂದೊಂದು ಅಪ್‌ಡೇಟ್‌ನಲ್ಲಿ ಸೇರಿಸಿದರು. ‘ನಿಜ ಎಂದಿಲ್ಲದಿದ್ದರೆ’ ಎಂದು ನೀವು ಬರೆದಿದ್ದೀರಿ. ಕ್ಷೇತ್ರವೇ ಇಲ್ಲದ ಹಳೆಯ ಸಾಲುಗಳಲ್ಲಿ ಅದು ನಿಜ ಎಂದಿರಲು ಸಾಧ್ಯವೇ ಇಲ್ಲ. ಆದ್ದರಿಂದ ನಿಮ್ಮ ಪ್ರೋಗ್ರಾಂ 2017ರಲ್ಲಿ ಸ್ಕ್ಯಾನ್ ಮಾಡಿದ ಪ್ರತಿ ನಕ್ಷತ್ರವನ್ನೂ, ಅದು ಸೂರ್ಯನ ನೆರೆಮನೆಯ ನಕ್ಷತ್ರವೇ ಆಗಿದ್ದರೂ, ನಿಮ್ಮ ಮೊದಲ ಶೋಧ ಎಂದು ಎಣಿಸಿದೆ. ಗೆರೆಯ ಎಡತುದಿ ಅಷ್ಟು ಎತ್ತರದಲ್ಲಿ ಇರುವುದಕ್ಕೆ ಬಹುಪಾಲು ಕಾರಣ ಇದೇ ಇರಬೇಕು.

ಎರಡನೆಯದು ಛೇದಕ್ಕೆ ಸಂಬಂಧಿಸಿದ್ದು. 2025ರ ಫೆಬ್ರವರಿಯ ಟ್ರೇಲ್‌ಬ್ಲೇಜರ್ಸ್ ಅಪ್‌ಡೇಟ್‌ನಿಂದ ಆಟಗಾರರೇ ಖಾಲಿ ವ್ಯವಸ್ಥೆಗಳಲ್ಲಿ ವಸಾಹತು ಕಟ್ಟಬಹುದು. ಒಂದು ನಿಲ್ದಾಣ ಎದ್ದು ನಿಲ್ಲಬೇಕಾದರೆ ಸಾವಿರಾರು ಟನ್ ಉಕ್ಕು, ಅಲ್ಯೂಮಿನಿಯಂ, ಟೈಟೇನಿಯಂಗಳನ್ನು ಹೊತ್ತು ತರಬೇಕು. ಎರಡೇ ವ್ಯವಸ್ಥೆಗಳ ನಡುವೆ ದಿನಕ್ಕೆ ಐವತ್ತು ಸಲ ಓಡಾಡಿದವನ ಕಡತದಲ್ಲಿ ಐವತ್ತು ಜಂಪ್ ಇರುತ್ತದೆ, ಹೊಸ ನಕ್ಷತ್ರ ಒಂದೂ ಇರುವುದಿಲ್ಲ. ಅದನ್ನು ಅನ್ವೇಷಣೆಯ ಸೋಲು ಎಂದು ಎಣಿಸುವುದು, ಮನೆ ಕಟ್ಟಲು ಮರಳು ಹೊಡೆಯುವ ಲಾರಿಯನ್ನು ಪ್ರವಾಸಕ್ಕೆ ಹೋಗಲಿಲ್ಲ ಎಂದು ದೂರುವಂತೆ.

ಎಡತುದಿಯನ್ನು ಕತ್ತರಿಸಿ, ಸರಕು ಓಡಾಟವನ್ನು ಬೇರ್ಪಡಿಸಿ ಮತ್ತೊಮ್ಮೆ ತೆಗೆಯಿರಿ. ಆಮೇಲೆ ಕುತೂಹಲದ ಮಾತು ಆಡೋಣ.

ಬಿಸಿಲೆ_ಘಾಟಿ (ಸಕಲೇಶಪುರ)

ಸರ್, ಲೆಕ್ಕದ ತಪ್ಪನ್ನು ಒಪ್ಪುತ್ತೇನೆ, ಆದರೆ ಎಲ್ಲವನ್ನೂ ಲೆಕ್ಕದ ತಪ್ಪೆಂದು ತಳ್ಳಿಹಾಕುವುದನ್ನು ಒಪ್ಪಲಾರೆ. ಕುತೂಹಲ ಕುಗ್ಗಿರುವುದು ನಿಜ. 2019ರ ಜನವರಿಯಲ್ಲಿ ಆಟಗಾರರೇ ಸೇರಿ ಡಿಸ್ಟೆಂಟ್ ವರ್ಲ್ಡ್ಸ್ 2 ಎಂಬ ಯಾತ್ರೆ ಹೊರಟಾಗ 13 ಸಾವಿರಕ್ಕೂ ಹೆಚ್ಚು ಕಮಾಂಡರ್‌ಗಳು, ಅಂದರೆ ಆಟಗಾರರು, ಹೆಸರು ನೋಂದಾಯಿಸಿದ್ದರು. ಸೂರ್ಯನಿಂದ 65 ಸಾವಿರ ಜ್ಯೋತಿರ್ವರ್ಷ ಆಚೆಗಿನ ಬೀಗಲ್ ಪಾಯಿಂಟ್ ತಲುಪಲು ನಾಲ್ಕು ತಿಂಗಳಿಗೂ ಮಿಕ್ಕಿ ಹಿಡಿಯಿತು. ನಾನಾಗ ಪದವಿಯ ಕೊನೆಯ ವರ್ಷದಲ್ಲಿದ್ದೆ. ಹಗಲು ಕರೆಂಟು ಇಲ್ಲದಿದ್ದರೆ ರಾತ್ರಿ, ರಾತ್ರಿ ಇಲ್ಲದಿದ್ದರೆ ಬೆಳಗಿನ ಜಾವ ಎದ್ದು ಆಡಿ ಮುಟ್ಟಿದ್ದೇನೆ. ತಂಗುದಾಣಗಳಲ್ಲಿ ನೂರಾರು ಹಡಗುಗಳು ಒಟ್ಟಿಗೆ ಇಳಿದು ನಿಂತಿರುತ್ತಿದ್ದ ಆ ನೋಟವನ್ನು ಮರೆಯಲಾಗದು. ಅಂಥ ಗುಂಪು ಈಗ ಎಲ್ಲಿದೆ?

ನಮ್ಮ ಏಳು ಜನರಲ್ಲಿ ನಾನೂ ಒಬ್ಬಳು. ನನ್ನ ಕಡತವನ್ನು ನಾನೇ ಬಲ್ಲೆ. ಆ ವರ್ಷದಷ್ಟು ದೂರ ನಾನು ಮತ್ತೆಂದೂ ಹೋಗಿಲ್ಲ.

ಸಾಲಗಾಮೆ_ರಸ್ತೆ (ಹಾಸನ)

ಮೇಡಂ, ಯಾತ್ರೆಯ ವರ್ಷವನ್ನು ಅಳತೆಗೋಲು ಮಾಡಿಕೊಂಡರೆ ಉಳಿದ ಎಲ್ಲ ವರ್ಷಗಳೂ ಬಡವಾಗಿಯೇ ಕಾಣುತ್ತವೆ. ಜಾತ್ರೆಯ ದಿನದ ಜನಸಂದಣಿಯನ್ನು ನೋಡಿ ಊರಿನ ಜನಸಂಖ್ಯೆ ಹೇಳಲಾಗುವುದಿಲ್ಲ.

ಮಳೆಲೆಕ್ಕ (ಮೂಡಿಗೆರೆ)

ನನ್ನ ಮಗ ಈ ಚರ್ಚೆಯನ್ನು ತೋರಿಸಿದ್ದರಿಂದ ಬರೆಯುತ್ತಿದ್ದೇನೆ. ಆಟವನ್ನು ನಾನು ಅವನ ಪಕ್ಕದಲ್ಲಿ ಕುಳಿತು ನೋಡಿದ್ದೇ ಹೆಚ್ಚು. ಆದರೆ ಚಂದ್ರದ್ರೋಣ ಅವರು ಹೇಳಿದ ‘ಇಳಿಯುತ್ತಲೇ ಬಂದ ಗೆರೆ’ ಎಂಬ ಮಾತು ಓದಿದಾಗ ನಮ್ಮ ತೋಟದ ಸಂಗತಿಯೊಂದು ನೆನಪಾಯಿತು.

ನಮ್ಮ ಮನೆಯಲ್ಲಿ ತಂದೆಯವರ ಕಾಲದಿಂದಲೂ ಮಳೆಯ ಲೆಕ್ಕದ ಪುಸ್ತಕವಿದೆ. ದಿನವೂ ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳೆದು ಇಂಚು ಮತ್ತು ಸೆಂಟ್‌ಗಳಲ್ಲಿ ಬರೆದಿಡುತ್ತೇವೆ. ಕಾಫಿಯವರೆಲ್ಲರ ಮನೆಯಲ್ಲೂ ಈ ರೂಢಿ ಇದೆ, ಏಕೆಂದರೆ ಹೂಮಳೆ ಎಷ್ಟು ಬಂತು ಎಂಬುದರ ಮೇಲೆ ನಮ್ಮ ಇಡೀ ವರ್ಷ ನಿಂತಿದೆ. ಒಂದು ಕಾಲಕ್ಕೆ ಸತತ ಎಂಟೊಂಬತ್ತು ವರ್ಷ ನಮ್ಮ ಪುಸ್ತಕದಲ್ಲಿ ಮಳೆ ಕಡಿಮೆಯಾಗುತ್ತಲೇ ಹೋಯಿತು. ತಂದೆಯವರು ಕಾಡು ಕಡಿದದ್ದರ ಫಲ ಎಂದು ನೊಂದುಕೊಳ್ಳುತ್ತಿದ್ದರು. ಆದರೆ ಪಕ್ಕದ ತೋಟದವರ ಪುಸ್ತಕದಲ್ಲಿ ಅಂಥ ಇಳಿಕೆ ಇರಲಿಲ್ಲ. ಕೊನೆಗೆ ತಿಳಿದದ್ದೇನೆಂದರೆ, ಮಳೆಮಾಪಕದ ಬಳಿ ನೆಟ್ಟಿದ್ದ ಸಿಲ್ವರ್ ಓಕ್ ಮರಗಳು ಬೆಳೆದು ಅದರ ಮೇಲೆ ಬಾಗಿದ್ದವು. ಮರದ ಎತ್ತರದ ಎರಡು ಪಟ್ಟಾದರೂ ದೂರದಲ್ಲಿ ಮಾಪಕ ಇರಬೇಕೆಂಬುದು ನಿಯಮ. ಅಂಗಳದ ಬಯಲಿಗೆ ಮಾಪಕವನ್ನು ತಂದಿಟ್ಟ ವರ್ಷವೇ ಮಳೆ ‘ಹೆಚ್ಚಾಯಿತು’.

ನಿಮ್ಮ ಮಾಪಕದ ಮೇಲೂ ಮರ ಬೆಳೆದಿರಬಹುದು. ಆಟದ ಒಳಗೆ ಯಾವ ಯಾವ ವರ್ಷ ಏನೇನು ಬದಲಾಯಿತು ಎಂಬುದನ್ನು ಗೆರೆಯ ಪಕ್ಕದಲ್ಲೇ ಬರೆದುಕೊಂಡು ನೋಡಿ.

ಚಂದ್ರದ್ರೋಣ (ಚಿಕ್ಕಮಗಳೂರು)

ಅಯ್ಯಾ, ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಅರ್ಥ ಮಾಡಿಸಲಾರರು. ಆ ಪಟ್ಟಿಯನ್ನು ಇಂದೇ ಮಾಡುತ್ತೇನೆ.

ಕಡೂರಿನವನು

ಪಟ್ಟಿಗೆ ನನ್ನದೊಂದು ಸೇರಿಸಿ: ನ್ಯೂಟ್ರಾನ್ ನಕ್ಷತ್ರಗಳ ಹೆದ್ದಾರಿ. 2016ರ ಅಕ್ಟೋಬರ್ ಅಪ್‌ಡೇಟ್‌ನಿಂದ ನ್ಯೂಟ್ರಾನ್ ನಕ್ಷತ್ರದ ಧ್ರುವದಿಂದ ಚಿಮ್ಮುವ ಜೆಟ್‌ನೊಳಗೆ ಹಡಗನ್ನು ಹಾಯಿಸಿದರೆ ಮುಂದಿನ ಒಂದು ಜಂಪ್‌ನ ದೂರ ನಾಲ್ಕು ಪಟ್ಟಾಗುತ್ತದೆ. ಅದಕ್ಕೆ ತಕ್ಕ ದಾರಿಯನ್ನು ಹಾಕಿಕೊಡುವ ಜಾಲತಾಣಗಳೂ ಬಂದವು. ಎಲ್ಲರಿಗೂ ಒಂದೇ ಬಗೆಯ ಲೆಕ್ಕ ದಾರಿ ತೋರಿಸುವುದರಿಂದ ಎಲ್ಲರೂ ಅವೇ ನ್ಯೂಟ್ರಾನ್ ನಕ್ಷತ್ರಗಳನ್ನು ತುಳಿದುಕೊಂಡು ಹೋಗುತ್ತಾರೆ. ಸೂರ್ಯನಿಂದ 22 ಸಾವಿರ ಜ್ಯೋತಿರ್ವರ್ಷ ದೂರದ ಕಲೋನಿಯಾ ಎಂಬ ವ್ಯವಸ್ಥೆಗೆ ಹೋಗುವವನ ಕಡತದಲ್ಲಿ ಈಗ ನೂರಕ್ಕೆ ತೊಂಬತ್ತು ನಕ್ಷತ್ರಗಳು ಯಾರೋ ಮೊದಲೇ ಕಂಡವೇ ಆಗಿದ್ದರೆ ಅಚ್ಚರಿಯೇನಿಲ್ಲ.

ಕೈಮರ ಚೆಕ್‌ಪೋಸ್ಟಿನಲ್ಲಿ ಕುಳಿತು ವಾಹನಗಳನ್ನು ಎಣಿಸಿದವನು ಮುಳ್ಳಯ್ಯನಗಿರಿಗೆ ಎಷ್ಟು ಜನ ಹೋದರೆಂದು ಹೇಳಬಲ್ಲ. ಆ ಬೆಟ್ಟಸಾಲಿನ ಶೋಲಾ ಕಾಡಿನ ಒಳಗೆ ಯಾರ ಕಾಲೂ ಬೀಳದ ಜಾಗ ಎಷ್ಟಿದೆ ಎಂದು ಹೇಳಲಾರ. ಹೆದ್ದಾರಿಯ ಜಂಪ್‌ಗಳನ್ನು ಪ್ರಯಾಣ ಎಂದು, ಹೆದ್ದಾರಿ ಬಿಟ್ಟ ನಂತರದ ಜಂಪ್‌ಗಳನ್ನು ಅನ್ವೇಷಣೆ ಎಂದು ಬೇರೆ ಬೇರೆ ಎಣಿಸಬೇಕು. ದಾಖಲೆಯಲ್ಲಿ ಜಂಪ್‌ನ ದೂರ ಇದ್ದೇ ಇದೆ. ನಿಮ್ಮ ಹಡಗಿನ ಸಾಮಾನ್ಯ ಅಳವಿಗಿಂತ ಬಹಳ ಹೆಚ್ಚಿದ್ದರೆ ಅದು ನ್ಯೂಟ್ರಾನ್ ಜಂಪ್ ಎಂದು ಗುರುತಿಸಬಹುದು.

ನಕ್ಷತ್ರ_ಜಗತಿ (ಹಳೇಬೀಡು)

ಒಂದು ತಿದ್ದುಪಡಿ: ಶ್ವೇತಕುಬ್ಜದ ಜೆಟ್ ಕೂಡ ದೂರವನ್ನು ಹೆಚ್ಚಿಸುತ್ತದೆ, ಆದರೆ ಒಂದೂವರೆ ಪಟ್ಟು ಮಾತ್ರ. ಅದನ್ನೂ ಸೇರಿಸದಿದ್ದರೆ ನಿಮ್ಮ ಗುರುತು ತಪ್ಪುತ್ತದೆ.

ಕಡೂರಿನವನು

ಹೌದು, ಸರಿ. ಅದನ್ನು ಬಿಟ್ಟಿದ್ದೆ.

ಹೇಮಾವತಿ_ಪೈಲಟ್ (ಹಾಸನ)

ಎಲ್ಲರೂ ಅಡ್ಡಗಲವನ್ನೇ ಅಳೆಯುತ್ತಿದ್ದೀರಿ, ಆಳವನ್ನು ಯಾರೂ ಎತ್ತಲಿಲ್ಲ. ನನ್ನ ಮಟ್ಟಿಗೆ ಇಡೀ ಚರ್ಚೆಯ ತಿರುಳು ಇದೇ.

ಆರಂಭದ ವರ್ಷಗಳಲ್ಲಿ ಒಂದು ವ್ಯವಸ್ಥೆಗೆ ಹೋದರೆ ಸ್ಕ್ಯಾನರ್ ಗುಂಡಿ ಒತ್ತುತ್ತಿದ್ದೆವು, ನಕ್ಷೆ ತೆರೆದುಕೊಳ್ಳುತ್ತಿತ್ತು, ಬೆಲೆಬಾಳುವ ಗ್ರಹ ಇಲ್ಲದಿದ್ದರೆ ಮುಂದಿನ ಜಂಪ್. 2018ರ ಡಿಸೆಂಬರ್‌ನಲ್ಲಿ ಎಫ್‌ಎಸ್‌ಎಸ್ ಎಂಬ ಹೊಸ ಸ್ಕ್ಯಾನರ್ ಬಂದ ಮೇಲೆ, ಪ್ರತಿ ಗ್ರಹವನ್ನೂ ರೇಡಿಯೋ ಶ್ರುತಿ ಮಾಡುವಂತೆ ತರಂಗಪಟ್ಟಿಯಲ್ಲಿ ಹುಡುಕಿ ಹಿಡಿಯಬೇಕಾಯಿತು. ಮೇಲ್ಮೈಯ ನಕ್ಷೆ ಬೇಕಾದರೆ ಶೋಧಕಗಳನ್ನು ಹಾರಿಸಬೇಕಾಯಿತು. 2021ರ ಮೇ ತಿಂಗಳಲ್ಲಿ ಒಡಿಸ್ಸಿ ಎಂಬ ವಿಸ್ತರಣೆ ಬಂದ ಮೇಲಂತೂ ತೆಳು ವಾತಾವರಣದ ಗ್ರಹಗಳಿಗೆ ಇಳಿದು, ಕಾಲ್ನಡಿಗೆಯಲ್ಲಿ ಸಸ್ಯದಂಥ ಜೀವಿಗಳ ಮಾದರಿ ತೆಗೆಯುವ ಎಕ್ಸೋಬಯಾಲಜಿ ಶುರುವಾಯಿತು. ಒಂದು ಪ್ರಭೇದ ಪೂರ್ತಿಯಾಗಬೇಕಾದರೆ ಮೂರು ಮಾದರಿ ಬೇಕು, ಅವುಗಳ ನಡುವೆ ನಿಗದಿಯಾದಷ್ಟು ದೂರವೂ ಇರಬೇಕು. ಸ್ಟ್ರೇಟಮ್ ಎಂಬ ಬಗೆಯ ಜೀವಿಯಾದರೆ 500 ಮೀಟರ್. ಐದು ಪ್ರಭೇದಗಳಿರುವ ಒಂದೇ ಗ್ರಹದ ಮೇಲೆ ನಾನು ಮೂರು ಸಂಜೆಗಳನ್ನು ಕಳೆದದ್ದುಂಟು.

ಈಗ ಹೇಳಿ: 2017ರಲ್ಲಿ ಒಂದು ಸಂಜೆಗೆ ಅರವತ್ತು ಜಂಪ್ ಮಾಡಿ, ಯಾವ ಗ್ರಹದ ಹತ್ತಿರವೂ ಸುಳಿಯದೆ ಹೋದ ನಾನು ದೊಡ್ಡ ಅನ್ವೇಷಕಿಯೋ, ಅಥವಾ ಮೂರು ಸಂಜೆ ಒಂದೇ ಗ್ರಹದ ಕಣಿವೆಗಳನ್ನು ತಿರುಗಿ ಅದರ ಸೂರ್ಯೋದಯ ಯಾವ ಬೆಟ್ಟದ ಹಿಂದಿನಿಂದ ಆಗುತ್ತದೆ ಎಂದು ತಿಳಿದಿರುವ ನಾನು ದೊಡ್ಡವಳೋ? ನಿಮ್ಮ ಗೆರೆ ಮೊದಲನೆಯವಳನ್ನೇ ದೊಡ್ಡವಳು ಎನ್ನುತ್ತದೆ. ಅದು ಗೆರೆಯ ದೋಷ.

ಬಿಸಿಲೆ_ಘಾಟಿ (ಸಕಲೇಶಪುರ)

ಅಕ್ಕ, ಎಕ್ಸೋಬಯಾಲಜಿಗೆ ಜನ ಇಳಿದದ್ದು ಕುತೂಹಲಕ್ಕಲ್ಲ, ಹಣಕ್ಕೆ. ಸ್ಟ್ರೇಟಮ್ ಟೆಕ್ಟೋನಿಕಸ್ ಒಂದಕ್ಕೆ 1 ಕೋಟಿ 90 ಲಕ್ಷ ಕ್ರೆಡಿಟ್ ಸಿಗುತ್ತದೆ, ಅದನ್ನು ಮೊದಲು ದಾಖಲಿಸಿದವರಿಗೆ ಅದರ ಐದು ಪಟ್ಟು. ಲೋಹಾಂಶ ಹೆಚ್ಚಿರುವ, ತೀರಾ ತಣ್ಣಗಲ್ಲದ ಗ್ರಹ ಕಂಡರೆ ಮಾತ್ರ ಇಳಿಯುತ್ತಾರೆ, ಹಿಮದ ಗ್ರಹವನ್ನು ತಿರುಗಿಯೂ ನೋಡುವುದಿಲ್ಲ. ನಾನೂ ಹಾಗೆಯೇ ಮಾಡಿದ್ದೇನೆ, 500 ಕೋಟಿ ಕ್ರೆಡಿಟ್ ಕೂಡಿಸಿ, ಹಡಗುಗಳನ್ನೇ ಹೊತ್ತೊಯ್ಯುವ ದೈತ್ಯ ಹಡಗಾದ ಫ್ಲೀಟ್ ಕ್ಯಾರಿಯರ್ ಕೊಳ್ಳುವವರೆಗೆ. ಬೆಲೆಪಟ್ಟಿಯನ್ನು ಹಿಡಿದು ಗ್ರಹ ಆರಿಸುವುದನ್ನು ಅನ್ವೇಷಣೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಹೇಮಾವತಿ_ಪೈಲಟ್ (ಹಾಸನ)

ಹಣಕ್ಕಾಗಿ ಇಳಿದವಳೂ ಇಳಿದ ಮೇಲೆ ಕಣ್ಣು ಮುಚ್ಚಿಕೊಂಡು ನಡೆಯುವುದಿಲ್ಲ, ತಂಗಿ. 2017ರಲ್ಲಿಯೂ ಭೂಮಿಯಂಥ ಗ್ರಹಕ್ಕೆ ಹೆಚ್ಚು ಬೆಲೆ ಎಂದೇ ಅವುಗಳನ್ನು ಹುಡುಕುತ್ತಿದ್ದೆವು. ಬೆಲೆಪಟ್ಟಿ ಆಗಲೂ ಇತ್ತು. ಆಗಿನ ಆಸೆಯನ್ನು ಕುತೂಹಲ ಎಂದು, ಈಗಿನದನ್ನು ದುರಾಸೆ ಎಂದು ಕರೆಯುವುದು ನ್ಯಾಯವಲ್ಲ.

ನಿನ್ನ ಕ್ಯಾರಿಯರ್ ಮಾತಿನಿಂದ ಇನ್ನೊಂದು ನೆನಪಾಯಿತು. 2020ರ ಜೂನ್‌ನಲ್ಲಿ ಬಂದ ಕ್ಯಾರಿಯರ್‌ಗಳು ಒಂದೇ ಜಂಪ್‌ಗೆ 500 ಜ್ಯೋತಿರ್ವರ್ಷ ಹೋಗುತ್ತವೆ. ಅದರೊಳಗೆ ಕುಳಿತು ಹೋದವರ ಕಡತದಲ್ಲಿ ‘ಕ್ಯಾರಿಯರ್ ಜಂಪ್’ ಎಂಬ ಬೇರೆ ದಾಖಲೆ ಬರುತ್ತದೆ, ‘ಎಫ್‌ಎಸ್‌ಡಿ ಜಂಪ್’ ಬರುವುದಿಲ್ಲ. ರಾತ್ರಿ ಆಟ ಮುಚ್ಚಿ ಮಲಗಿದಾಗ ಕ್ಯಾರಿಯರ್ ಮುಂದೆ ಹೋಗಿದ್ದರೆ ಅದೂ ಬರುವುದಿಲ್ಲ, ಮರುದಿನ ಹೊಸ ಸ್ಥಳ ಮಾತ್ರ ಕಾಣುತ್ತದೆ. ಚಂದ್ರದ್ರೋಣ ಅವರ ನಕ್ಷೆಯಲ್ಲಿ ನಿನ್ನ ಹಡಗು ಕೆಲವೆಡೆ ಗಾಳಿಯಲ್ಲಿ ಮಾಯವಾಗಿ ಸಾವಿರಾರು ಜ್ಯೋತಿರ್ವರ್ಷ ಆಚೆ ಪ್ರತ್ಯಕ್ಷವಾಗಿದ್ದರೆ ಕಾರಣ ಇದು.

ಚಂದ್ರದ್ರೋಣ (ಚಿಕ್ಕಮಗಳೂರು)

ನಿಜ, ಅಂಥ ಜಿಗಿತಗಳು ಹದಿನಾರು ಕಡೆ ಇವೆ. ಕಡತ ಕಳೆದುಹೋಗಿದೆ ಎಂದುಕೊಂಡು ಅವನ್ನು ಬಿಟ್ಟುಬಿಟ್ಟಿದ್ದೆ.

ನಕ್ಷತ್ರ_ಜಗತಿ (ಹಳೇಬೀಡು)

ಏಳು ಜನರ ಕಡತದಿಂದ ಹೊರಗೆ ಬಂದು ದೊಡ್ಡ ಪ್ರಶ್ನೆಯನ್ನು ಕೇಳಬೇಕೆಂದಿದ್ದೇನೆ. ಒಂದು ಪ್ರದೇಶ ಎಷ್ಟು ‘ನೋಡಿ ಮುಗಿದಿದೆ’ ಎಂದು ತಿಳಿಯಲು ಆ ಪ್ರದೇಶದಲ್ಲಿ ಒಟ್ಟು ಎಷ್ಟು ವ್ಯವಸ್ಥೆಗಳಿವೆ ಎಂದು ಗೊತ್ತಿರಬೇಕಲ್ಲವೇ? ಅದಕ್ಕೆ ಹೆಸರುಗಳೇ ದಾರಿ ಕೊಡುತ್ತವೆ.

ಕಲೋನಿಯಾದ ಹಳೆಯ ಹೆಸರನ್ನು ನೋಡಿ: ಈಯೋಲ್ ಪ್ರೌ ಆರ್‌ಎಸ್-ಟಿ ಡಿ3-94. ಈಯೋಲ್ ಪ್ರೌ ಎಂಬುದು 1280 ಜ್ಯೋತಿರ್ವರ್ಷ ಉದ್ದಗಲ ಎತ್ತರದ ಒಂದು ಘನ. ಅದನ್ನು ಚಿಕ್ಕ ಪೆಟ್ಟಿಗೆಗಳಾಗಿ ಒಡೆದಿದ್ದಾರೆ, ಆಟಗಾರರು ಅದನ್ನು ಬಾಕ್ಸೆಲ್ ಎನ್ನುತ್ತಾರೆ. ಡಿ ಎಂಬ ಅಕ್ಷರ ಪೆಟ್ಟಿಗೆಯ ಗಾತ್ರವನ್ನು ಹೇಳುತ್ತದೆ: ಎ ಆದರೆ 10 ಜ್ಯೋತಿರ್ವರ್ಷ, ಬಿ 20, ಸಿ 40, ಡಿ 80, ಹೀಗೆ ದ್ವಿಗುಣವಾಗುತ್ತಾ ಹೋಗಿ ಎಚ್ ಎಂದರೆ 1280. ಅಕ್ಷರ ಮುಂದೆ ಹೋದಂತೆ ವ್ಯವಸ್ಥೆಯ ದ್ರವ್ಯರಾಶಿಯೂ ಹೆಚ್ಚು. ಕೊನೆಯ 94 ಎಂಬುದು ಆ ಪೆಟ್ಟಿಗೆಯೊಳಗಿನ ಕ್ರಮಸಂಖ್ಯೆ, ಎಣಿಕೆ ಸೊನ್ನೆಯಿಂದ ಶುರು.

ಎರಡನೇ ಮಹಾಯುದ್ಧದಲ್ಲಿ ವಶಪಡಿಸಿಕೊಂಡ ಜರ್ಮನ್ ಟ್ಯಾಂಕುಗಳ ಕ್ರಮಸಂಖ್ಯೆಗಳನ್ನು ನೋಡಿಯೇ ಮಿತ್ರರಾಷ್ಟ್ರಗಳ ಸಂಖ್ಯಾಶಾಸ್ತ್ರಜ್ಞರು ತಿಂಗಳ ಉತ್ಪಾದನೆಯನ್ನು ಅಂದಾಜು ಮಾಡಿದ್ದರು. 1942ರ ಆಗಸ್ಟ್ ತಿಂಗಳಿಗೆ ಗೂಢಚಾರರ ಅಂದಾಜು 1550, ಸಂಖ್ಯಾಶಾಸ್ತ್ರಜ್ಞರ ಅಂದಾಜು 327. ಯುದ್ಧ ಮುಗಿದ ಮೇಲೆ ಜರ್ಮನ್ ದಾಖಲೆಯಲ್ಲಿ ಸಿಕ್ಕಿದ್ದು 342. ಅದೇ ಸೂತ್ರ ಇಲ್ಲಿಗೂ ಹೊಂದುತ್ತದೆ. ಒಂದು ಪೆಟ್ಟಿಗೆಯಲ್ಲಿ ನಾವು ಹನ್ನೆರಡು ವ್ಯವಸ್ಥೆಗಳಿಗೆ ಹೋಗಿದ್ದೇವೆ, ಕಂಡ ಅತಿ ದೊಡ್ಡ ಸಂಖ್ಯೆ 306 ಎಂದುಕೊಳ್ಳಿ. ಸೊನ್ನೆಯಿಂದ ಎಣಿಸಿದ್ದರಿಂದ ಅದು 307ನೆಯದು. 307ಕ್ಕೆ 307ರ ಹನ್ನೆರಡನೇ ಒಂದು ಭಾಗವನ್ನು ಕೂಡಿ ಒಂದನ್ನು ಕಳೆದರೆ ಸುಮಾರು 332. ಅಂದರೆ ಅಲ್ಲಿ ನಾವು ನೋಡಿದ್ದು ನೂರಕ್ಕೆ ನಾಲ್ಕರಷ್ಟೂ ಇಲ್ಲ. ಹೀಗೆ ಪೆಟ್ಟಿಗೆ ಪೆಟ್ಟಿಗೆಗೆ ಲೆಕ್ಕ ಹಾಕಿದರೆ, ಜನ ಯಾವ ತೂಕದ ನಕ್ಷತ್ರಗಳ ಕಡೆ ವಾಲುತ್ತಾರೆ ಎಂಬುದೂ ತಿಳಿಯುತ್ತದೆ.

ಸಾಲಗಾಮೆ_ರಸ್ತೆ (ಹಾಸನ)

ಬಹಳ ಒಳ್ಳೆಯ ಯೋಚನೆ, ಆದರೆ ಒಂದು ಎಚ್ಚರಿಕೆ ಬೇಕು. ಆ ಸೂತ್ರ ನಿಲ್ಲುವುದು ಮಾದರಿಗಳು ಯಾದೃಚ್ಛಿಕವಾಗಿ ಸಿಕ್ಕಿದ್ದರೆ ಮಾತ್ರ. ಆಟಗಾರರು ಹಾಗೆ ಹೋಗುವುದಿಲ್ಲ. ಪೆಟ್ಟಿಗೆಗಳನ್ನು ಕ್ರಮವಾಗಿ ಶೋಧಿಸುವವರು ನಕ್ಷೆಯ ಹುಡುಕಾಟದಲ್ಲಿ ಸೊನ್ನೆ, ಒಂದು, ಎರಡು ಎಂದು ಹೆಸರನ್ನು ಬೆರಳಚ್ಚು ಮಾಡಿಕೊಂಡು ಹೋಗುತ್ತಾರೆ, ಮಧ್ಯದಲ್ಲಿ ಬೇಸರವಾದಾಗ ಬಿಡುತ್ತಾರೆ. ಅಂಥ ಪೆಟ್ಟಿಗೆಯಲ್ಲಿ ದೊಡ್ಡ ಸಂಖ್ಯೆ ಕಾಣುವುದೇ ಇಲ್ಲ, ನಿಮ್ಮ ಅಂದಾಜು ತೀರಾ ಕಡಿಮೆ ಬರುತ್ತದೆ. ಅಲ್ಲದೆ ಇಂಧನ ತುಂಬಿಕೊಳ್ಳಬಹುದಾದ ಕೆ, ಜಿ, ಬಿ, ಎಫ್, ಒ, ಎ, ಎಂ ವರ್ಗದ ನಕ್ಷತ್ರಗಳನ್ನೇ ಬಹುತೇಕರು ದಾರಿಗೆ ಆರಿಸುತ್ತಾರೆ, ಕಂದುಕುಬ್ಜಗಳನ್ನು ಬಿಟ್ಟುಹೋಗುತ್ತಾರೆ.

ಇದಕ್ಕೆ ಪಕ್ಕದ ಕಾಡಿನವರ ವಿಧಾನವನ್ನು ಜೊತೆಗಿಟ್ಟು ನೋಡಿ. ಹುಲಿ ಎಣಿಸಲು ಕ್ಯಾಮೆರಾ ಕಟ್ಟುತ್ತಾರಲ್ಲವೇ? 1990ರ ದಶಕದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಬಳಕೆಗೆ ತಂದ ಕ್ರಮವದು. ಪ್ರತಿ ಹುಲಿಯ ಪಟ್ಟೆಯೂ ಬೇರೆ. ಮೊದಲ ಸುತ್ತಿನಲ್ಲಿ ಸಿಕ್ಕ ಹುಲಿಗಳಲ್ಲಿ ಎಷ್ಟು ಎರಡನೇ ಸುತ್ತಿನಲ್ಲೂ ಸಿಕ್ಕವು ಎಂಬುದರಿಂದ ಸಿಗದೇ ಉಳಿದವುಗಳ ಸಂಖ್ಯೆಯನ್ನು ಅಂದಾಜು ಮಾಡುತ್ತಾರೆ. ನಮ್ಮ ಭದ್ರಾ ಅಭಯಾರಣ್ಯದಲ್ಲೂ ಹುಲಿಗಳನ್ನು ಹೀಗೆಯೇ ಎಣಿಸುತ್ತಾರೆ. ಆಟದಲ್ಲಿ ಎರಡು ಗುಂಪು ಮಾಡಿಕೊಳ್ಳಿ. ಉದಾಹರಣೆಗೆ, ಒಂದು ಪ್ರದೇಶದಲ್ಲಿ ಒಂದು ಗುಂಪು 400 ವ್ಯವಸ್ಥೆಗಳನ್ನು ನೋಡಿದೆ, ಇನ್ನೊಂದು 300. ಎರಡೂ ನೋಡಿದ್ದು 60. ಆಗ 400ನ್ನು 300ರಿಂದ ಗುಣಿಸಿ 60ರಿಂದ ಭಾಗಿಸಿದರೆ 2000. ಆಟಗಾರರ ಕಾಲು ತಲುಪಬಹುದಾದ ವ್ಯವಸ್ಥೆಗಳ ಅಂದಾಜು ಅದು.

ಇಲ್ಲಿಯೂ ಕಡೂರಿನವರು ಹೇಳಿದ ಹೆದ್ದಾರಿ ಅಡ್ಡ ಬರುತ್ತದೆ. ಎರಡೂ ಗುಂಪು ಒಂದೇ ಹೆದ್ದಾರಿಯಲ್ಲಿ ಹೋಗಿದ್ದರೆ ಸಾಮಾನ್ಯ ವ್ಯವಸ್ಥೆಗಳು ಅತಿಯಾಗಿ ಸಿಗುತ್ತವೆ, ಛೇದ ಹಿಗ್ಗುತ್ತದೆ, ಅಂದಾಜು ಕುಗ್ಗುತ್ತದೆ. ಕಾಡುದಾರಿಯಲ್ಲೇ ಎಲ್ಲ ಕ್ಯಾಮೆರಾಗಳನ್ನೂ ಕಟ್ಟಿದಂತೆ. ಆದ್ದರಿಂದ ಬಂದ ಸಂಖ್ಯೆಯನ್ನು ‘ಇದಕ್ಕಿಂತ ಕಡಿಮೆಯಂತೂ ಇಲ್ಲ’ ಎಂದು ಓದಬೇಕು.

ನಕ್ಷತ್ರ_ಜಗತಿ (ಹಳೇಬೀಡು)

ಬೆರಳಚ್ಚಿನ ವಿಷಯ ನನಗೆ ಹೊಳೆದಿರಲಿಲ್ಲ. ಕ್ರಮವಾಗಿ ಸೊನ್ನೆಯಿಂದ ತುಂಬಿರುವ ಪೆಟ್ಟಿಗೆಗಳನ್ನು ಗುರುತಿಸಿ ಹೊರಗಿಡುವುದು ಕಷ್ಟವಲ್ಲ. ಮಾಡಿ ನೋಡುತ್ತೇನೆ.

ಕಡೂರಿನವನು

ಹೊರಗಿನ ದತ್ತಾಂಶವನ್ನು ಬಳಸುವವರು ಇನ್ನೊಂದು ಸಂಗತಿಯನ್ನು ಮರೆಯಬಾರದು. ಆಟಗಾರರ ಮಾಹಿತಿ ಕೂಡಿಸುವ ಇಡಿಎಸ್‌ಎಂ ಜಾಲತಾಣದ ನಕ್ಷೆಗಳಿಗೆ ಬರುವುದು, ತಮ್ಮ ಕಂಪ್ಯೂಟರಿನಲ್ಲಿ ಸಹಾಯಕ ತಂತ್ರಾಂಶ ಹಾಕಿಕೊಂಡು ಜರ್ನಲ್ ಕಳುಹಿಸುವವರ ಮಾಹಿತಿ. ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್‌ಗಳಲ್ಲಿ ಆಡಿದವರ ಬಳಿ ಆ ಕಡತವೇ ಇರಲಿಲ್ಲ, ಅವರ ದಾರಿಗಳು ಬಹುಪಾಲು ಆ ನಕ್ಷೆಯಲ್ಲಿ ಇಲ್ಲ. ನಮ್ಮ ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನ ದೊಡ್ಡ ತಟ್ಟೆಗಳು ಯಾವ ಉಪಗ್ರಹದತ್ತ ತಿರುಗಿವೆಯೋ ಅದರ ಮಾತನ್ನು ಮಾತ್ರ ಕೇಳುತ್ತವೆ. ನಕ್ಷೆಯ ಕಪ್ಪು ಜಾಗವೂ ಹಾಗೆಯೇ. ಯಾರೂ ಹೋಗಿಲ್ಲವೋ, ಹೋದವರು ಹೇಳಿಲ್ಲವೋ ತಿಳಿಯದು.

ಇದರ ತಿರುವುಮುರುವೂ ಇದೆ. 2022ರಲ್ಲಿ ನಾನು ನಾಲ್ಕು ತಿಂಗಳು ತಿರುಗಿ ಮರಳುವಾಗ, ಭೂಮಿಯ ಮೂರು ಪಟ್ಟು ಗುರುತ್ವವಿರುವ ಗ್ರಹಕ್ಕೆ ಇಳಿಯಲು ಹೋಗಿ ಹಡಗು ನುಚ್ಚುನೂರಾಯಿತು. ಶೋಧದ ದತ್ತಾಂಶವನ್ನು ನಿಲ್ದಾಣಕ್ಕೆ ಮರಳಿ ಮಾರಬೇಕು; ಮಾರದೆ ಉಳಿದಿದ್ದದ್ದೆಲ್ಲ ಹೋಯಿತು. ಆ ನಕ್ಷತ್ರಗಳ ಮೇಲೆ ನನ್ನ ಹೆಸರು ಬೀಳಲೇ ಇಲ್ಲ, ಏಕೆಂದರೆ ಮೊದಲು ಮಾರಿದವರಿಗೇ ಶೋಧದ ಹೆಸರು. ಆದರೆ ನನ್ನ ಜರ್ನಲ್‌ನಲ್ಲಿ ಅವೆಲ್ಲ ಮೊದಲ ಶೋಧಗಳಾಗಿಯೇ ಕುಳಿತಿವೆ. ಎರಡು ದಿನ ಊಟ ಸೇರಿರಲಿಲ್ಲ. ಚಂದ್ರದ್ರೋಣ ಅವರ ಲೆಕ್ಕದಲ್ಲಿ ನಾನು ಆ ವರ್ಷ ಅವರಿಗಿಂತ ಮುಂದಿರುತ್ತೇನೆ, ಆಟದ ದಾಖಲೆಯಲ್ಲಿ ಸೊನ್ನೆ.

ಬಿಸಿಲೆ_ಘಾಟಿ (ಸಕಲೇಶಪುರ)

ಅಣ್ಣ, ನೋಡಿದ್ದು ನೋಡಿದ್ದೇ. ನನ್ನ ಪ್ರಕಾರ ಅವನ್ನು ಎಣಿಸಲೇಬೇಕು.

ಚಂದ್ರದ್ರೋಣ (ಚಿಕ್ಕಮಗಳೂರು)

ಒಂದು ವಾರ ಸುಮ್ಮನಿದ್ದುದಕ್ಕೆ ಕ್ಷಮೆಯಿರಲಿ. ಎಲ್ಲರ ಮಾತನ್ನೂ ಎದುರಿಗಿಟ್ಟುಕೊಂಡು ಲೆಕ್ಕವನ್ನು ಮೊದಲಿನಿಂದ ಮಾಡಿದ್ದೇನೆ. ‘ವಾಸ್ ಡಿಸ್ಕವರ್ಡ್’ ಕ್ಷೇತ್ರವಿಲ್ಲದ ಹಳೆಯ ಸಾಲುಗಳನ್ನು ಪೂರ್ತಿ ಕೈಬಿಟ್ಟೆ. ಆರಂಭ ಮತ್ತು ಕೊನೆ ಎರಡೂ ಸೂರ್ಯನಿಂದ 500 ಜ್ಯೋತಿರ್ವರ್ಷದ ಒಳಗಿದ್ದ ಜಂಪ್‌ಗಳನ್ನು ಓಡಾಟ ಎಂದು ಬೇರ್ಪಡಿಸಿದೆ. ನ್ಯೂಟ್ರಾನ್ ಮತ್ತು ಶ್ವೇತಕುಬ್ಜದ ಜಂಪ್‌ಗಳನ್ನು ಪ್ರಯಾಣ ಎಂದು ಇನ್ನೊಂದು ಕಡೆ ಇಟ್ಟೆ. ಕ್ಯಾರಿಯರ್‌ನ ದಾಖಲೆಗಳನ್ನು ಸೇರಿಸಿದೆ. ಛೇದದಲ್ಲಿ ಜಂಪ್‌ಗಳ ಬದಲು, ಆ ಪ್ರದೇಶಗಳಲ್ಲಿ ಕಳೆದ ಗಂಟೆಗಳನ್ನು ಹಾಕಿದೆ.

ಇಳಿಯುವ ಗೆರೆ ಹೋಯಿತು. 2021ರಲ್ಲಿ ಒಂದು ಮೆಟ್ಟಿಲು ಕಾಣುತ್ತದೆ: ಗಂಟೆಗೆ ಕಾಣುವ ಹೊಸ ವ್ಯವಸ್ಥೆಗಳು ಕಡಿಮೆಯಾಗಿ, ಗ್ರಹದ ಮೇಲೆ ಇಳಿದು ತೆಗೆದ ಮಾದರಿಗಳು ಏರಿವೆ. ಹೇಮಾವತಿ ಮೇಡಂ ಹೇಳಿದ್ದು ಅಕ್ಷರಶಃ ನಿಜವಾಗಿದೆ. ಬಿಸಿಲೆಯವರ ಮಾತಿನಲ್ಲೂ ಸತ್ಯವಿದೆ. ಇಳಿದ ಗ್ರಹಗಳಲ್ಲಿ ಹಿಮದವು ಬೆರಳೆಣಿಕೆಯಷ್ಟು ಮಾತ್ರ. ಕಡೂರಿನವರ ಕಳೆದುಹೋದ ಶೋಧಗಳನ್ನು ಎಣಿಸಿಯೇ ಇದ್ದೇನೆ, ಆದರೆ ಬೇರೆ ಬಣ್ಣದಲ್ಲಿ.

ಆದರೂ ಕಳೆದ ಎರಡು ವರ್ಷಗಳಲ್ಲಿ ಒಂದು ಇಳಿಕೆ ಉಳಿದೇ ಇದೆ. ಅದು ಯಾರಿಂದ ಬರುತ್ತಿದೆ ಎಂದು ಏಳು ಜನರನ್ನೂ ಬಿಡಿಬಿಡಿಯಾಗಿ ತೆಗೆದು ನೋಡಿದೆ. ಐದು ಜನರಲ್ಲಿ ಅದಿಲ್ಲ. ಇಬ್ಬರಲ್ಲಿ ಮಾತ್ರ ಇದೆ, ಅವರಲ್ಲಿ ಒಬ್ಬ ನಾನು. 2025ರ ಮಾರ್ಚ್‌ನಿಂದ ನಾನು ಉಕ್ಕು ಹೊರುವುದರಲ್ಲೇ ಇದ್ದೇನೆ. ಒಂದೊಂದೇ ವ್ಯವಸ್ಥೆಯಲ್ಲಿ ನಿಲ್ದಾಣ ಕಟ್ಟಿ, ಅಲ್ಲಿಂದ 15 ಜ್ಯೋತಿರ್ವರ್ಷದೊಳಗಿನ ಮುಂದಿನದಕ್ಕೆ ಕೈಚಾಚುತ್ತಾ ಒಂದು ನೀಹಾರಿಕೆಯ ಕಡೆಗೆ ಸಾಲು ಕಟ್ಟುತ್ತಿದ್ದೆ. ಊರಿನವರ ಕುತೂಹಲ ಬತ್ತಿತೇ ಎಂದು ನಾನು ಕೇಳಿದ ಪ್ರಶ್ನೆ ನನ್ನ ಕಡತದ ಪ್ರಶ್ನೆಯಾಗಿತ್ತು.

ಮಳೆಲೆಕ್ಕ (ಮೂಡಿಗೆರೆ)

ಹಳೆಯ ಗೆರೆಯನ್ನು ಅಳಿಸಬೇಡಿ. ನಮ್ಮ ಪುಸ್ತಕದಲ್ಲಿ ಮರದ ಕೆಳಗಿನ ವರ್ಷಗಳ ಲೆಕ್ಕವನ್ನು ತಂದೆಯವರು ಹಾಗೆಯೇ ಇಟ್ಟು, ಪಕ್ಕದಲ್ಲಿ ಕಾರಣ ಬರೆದಿದ್ದಾರೆ.

ಸಾಲಗಾಮೆ_ರಸ್ತೆ (ಹಾಸನ)

ಗಂಟೆಗಳ ಲೆಕ್ಕ ಹಾಕಿದ್ದೀರಾದ್ದರಿಂದ ಒಂದು ಚಿಕ್ಕ ವಿಷಯ. ಜರ್ನಲ್‌ನ ಸಮಯ ಅಂತಾರಾಷ್ಟ್ರೀಯ ಸಮಯದಲ್ಲಿದೆ, ನಮಗಿಂತ ಐದೂವರೆ ಗಂಟೆ ಹಿಂದೆ. ಡಿಸೆಂಬರ್ 31ರ ಮಧ್ಯರಾತ್ರಿ ಕಳೆದು ಆಡಿದ ಆಟ ಹಳೆಯ ವರ್ಷದ ಖಾತೆಗೆ ಬಿದ್ದಿರುತ್ತದೆ. ವಾರದ ದಿನಗಳನ್ನು ಹೋಲಿಸುವ ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಬಿಸಿಲೆ_ಘಾಟಿ (ಸಕಲೇಶಪುರ)

ಚಂದ್ರದ್ರೋಣ ಅಣ್ಣ, ನಿಮ್ಮ ಸಾಲು ಆ ನೀಹಾರಿಕೆಗೆ ಇನ್ನೆಷ್ಟು ದೂರವಿದೆ?

ಚಂದ್ರದ್ರೋಣ (ಚಿಕ್ಕಮಗಳೂರು)

ಇನ್ನು ಒಂಬತ್ತು ವ್ಯವಸ್ಥೆಗಳು ಬಾಕಿ ಇವೆ. ನೀವು ಕ್ಯಾರಿಯರ್ ತರುವುದಾದರೆ ದೀಪಾವಳಿಯ ಹೊತ್ತಿಗೆ ಮುಟ್ಟಬಹುದು.

ಬಿಸಿಲೆ_ಘಾಟಿ (ಸಕಲೇಶಪುರ)

ಶನಿವಾರ ರಾತ್ರಿ ಕ್ಯಾರಿಯರ್‌ಗೆ ಟ್ರಿಟಿಯಂ ಇಂಧನ ತುಂಬಿಸಿಕೊಂಡು ಬರುತ್ತೇನೆ. ಮುಟ್ಟಿದ ಮೇಲೆ ಅಲ್ಲಿಂದ ಆಚೆಗೆ ಹೆದ್ದಾರಿ ಬಿಟ್ಟು ಹೋಗೋಣ, ಹಿಮದ ಗ್ರಹಗಳಿಗೂ ಇಳಿಯೋಣ.